ಮೂವತ್ತೈದರ ಮಹಿಮೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ದಿನ ನಮ್ಮ ನಾಡಿನ ಮನೆಮನೆಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: “ಎಷ್ಟು ಬಂತು?” ಏನು ಬಂತು ಎಂದು ಕೇಳುವವರನ್ನು ನಾನಂತೂ ಕಂಡಿಲ್ಲ. ಕನ್ನಡದಲ್ಲಿ ‘ಬರುವುದು’ ಎಂಬ ಮಾತಿಗೆ ಒಂದು ಚೆಲುವಾದ ಅರ್ಥವಿದೆ. ಹುಡುಗನಿಗೆ ಈಜು ಬರುತ್ತದೆ, ಹುಡುಗಿಗೆ ಕಸೂತಿ ಬರುತ್ತದೆ, ಅಜ್ಜಿಗೆ ನೂರು ಹಾಡು ಬರುತ್ತವೆ ಎನ್ನುತ್ತೇವೆ. ವಿದ್ಯೆ ನಮ್ಮಲ್ಲಿಗೆ ಬಂದು ನೆಲಸುತ್ತದೆ, ಕರೆದಾಗ ಓಗೊಡುತ್ತದೆ ಎಂಬ ಭಾವ ಆ ಮಾತಿನಲ್ಲಿದೆ. ಶಾಲೆಯ ಬಾಗಿಲಲ್ಲಿ ಮಾತ್ರ ಆ ಅರ್ಥ ಚಪ್ಪಲಿಯಂತೆ ಹೊರಗೇ ಉಳಿದುಹೋಗುತ್ತದೆ. ಒಳಗೆ ಬರುವುದು ಅಂಕ; ವಿದ್ಯೆ ಬಂದರೂ ಸರಿ, ಬಾರದಿದ್ದರೂ ಸರಿ.

ನಾನು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನು. ಪ್ರಥಮ ವರ್ಷದ ಪದವಿ ತರಗತಿಗೆ ಸೇರುವ ಮಕ್ಕಳಿಗೆ ಮೊದಲ ವಾರ ಪಾಠ ಮಾಡುವುದಿಲ್ಲ. ಒಂದು ಹಾಳೆ ಕೊಟ್ಟು, ಊರಿನ ಕೆರೆ ಒತ್ತುವರಿಯಾಗಿದೆಯೆಂದು ತಹಶೀಲ್ದಾರರಿಗೆ ಒಂದು ಅರ್ಜಿ ಬರೆಯಿರಿ ಎನ್ನುತ್ತೇನೆ. ಎಸ್.ಎಸ್.ಎಲ್.ಸಿ.ಯಲ್ಲಿ ಕನ್ನಡಕ್ಕೆ 125ಕ್ಕೆ 115 ಪಡೆದ ಇಬ್ಬರು ಅಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ಒಬ್ಬಳು ಕೆರೆ ಎಲ್ಲಿದೆ, ಯಾರು ಎಷ್ಟು ಒತ್ತಿದ್ದಾರೆ, ತನಗೇನು ಬೇಕು ಎಂಬುದನ್ನು ಹತ್ತು ಸಾಲಿನಲ್ಲಿ ಅಚ್ಚುಕಟ್ಟಾಗಿ ಬರೆದು, ಮತ್ತೊಮ್ಮೆ ಓದಿ, ಒಂದು ಒತ್ತಕ್ಷರ ತಿದ್ದಿ ಕೊಡುತ್ತಾಳೆ. ಇನ್ನೊಬ್ಬ “ಜಲವೇ ಜೀವನಾಧಾರ” ಎಂದು ಆರಂಭಿಸಿ, ಹೈಸ್ಕೂಲಿನಲ್ಲಿ ಉರು ಹೊಡೆದ ಪರಿಸರ ಮಾಲಿನ್ಯದ ಪ್ರಬಂಧವನ್ನು ಇಡಿಯಾಗಿ ಇಳಿಸಿ, ಕೆರೆಯನ್ನೂ ತಹಶೀಲ್ದಾರರನ್ನೂ ಮರೆತು ಕೈಮುಗಿಯುತ್ತಾನೆ. ಅವನು ದಡ್ಡನಲ್ಲ. ಅವನಿಗೆ ಅರ್ಜಿ ಬರೆಯಲು ಬರುವುದಿಲ್ಲ, ಅಷ್ಟೆ. ಆದರೆ ಬರುವುದಿಲ್ಲವೆಂದು ಹತ್ತು ವರ್ಷಗಳಲ್ಲಿ ಒಬ್ಬರೂ ಅವನಿಗೆ ಹೇಳಲಿಲ್ಲ. ಅವನ ಅಂಕಪಟ್ಟಿಯಂತೂ ಅದಕ್ಕೆ ತದ್ವಿರುದ್ಧವಾದ ಮಾತನ್ನು ಮುದ್ರೆಯೊತ್ತಿ ಹೇಳಿತು.

ಇಬ್ಬರ 115 ಒಂದೇ ಆದದ್ದು ಹೇಗೆ? ಮೊತ್ತದ ಮಾಯೆಯಿಂದ. ಅಕ್ಕಿ, ಬೇಳೆ, ಉಪ್ಪುಗಳನ್ನು ಒಂದೇ ಚೀಲಕ್ಕೆ ಸುರಿದು, ತೂಗಿ, ‘ಹತ್ತು ಸೇರು ದಿನಸಿ’ ಎಂದು ಚೀಟಿ ಅಂಟಿಸುವ ಅಂಗಡಿಗೆ ಯಾವ ಗೃಹಿಣಿಯೂ ಎರಡನೆಯ ಸಲ ಹೋಗಲಾರಳು. ನಾವು ಮಾತ್ರ ಮಕ್ಕಳ ವಿಷಯದಲ್ಲಿ ಆ ಚೀಟಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಇಷ್ಟಾಗಿ, ಚೀಲಕ್ಕೆ ಸುರಿಯುವ ಮುನ್ನ ಪದಾರ್ಥಗಳು ಬೇರೆ ಬೇರೆಯಾಗಿಯೇ ಇರುತ್ತವೆ! ಪ್ರಶ್ನೆಪತ್ರಿಕೆಗೆ ನೀಲನಕ್ಷೆಯೆಂಬುದೊಂದು ಇರುವುದನ್ನು ಶಿಕ್ಷಕರೆಲ್ಲ ಬಲ್ಲರು. ಯಾವ ಪ್ರಶ್ನೆ ಸ್ಮರಣೆಗೆ, ಯಾವುದು ಗ್ರಹಿಕೆಗೆ, ಯಾವುದು ಅಭಿವ್ಯಕ್ತಿಗೆ, ಯಾವುದು ಪ್ರಶಂಸೆಗೆ ಎಂದು ಅದರಲ್ಲಿ ಶೇಕಡಾವಾರು ಹಂಚಿರುತ್ತಾರೆ. ಅಂದರೆ ಪ್ರಶ್ನೆ ಕೇಳುವವರಿಗೆ ತಾವು ಏನನ್ನು ಅಳೆಯುತ್ತಿದ್ದೇವೆಂಬುದು ಗೊತ್ತು. ಅಳೆದಾದ ಮೇಲೆ ಆ ವಿವರವನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಒಂದು ಸಂಖ್ಯೆಯನ್ನು ಮಾತ್ರ ಮಗುವಿನ ಕೈಗಿಡುತ್ತಾರೆ. ಬರಿಯ ಸ್ಮರಣೆಯಿಂದಲೇ ದಡ ಸೇರಿದವನಿಗೂ ಸ್ವಂತ ಮಾತಿನಲ್ಲಿ ಬರೆದವಳಿಗೂ ಅಲ್ಲಿ ಭೇದವಿಲ್ಲ.

ಇನ್ನು ಪಾಸಿನ ಗೆರೆಯ ಮಾತು. ನೂರಕ್ಕೆ ಮೂವತ್ತೈದು ಎಂಬ ಸಂಖ್ಯೆ ನಮ್ಮಲ್ಲಿ ಬಹುಕಾಲ ದೇವರಂತೆ ಪೂಜೆಗೊಂಡಿತು. ನೂರು ಸಂಗತಿಗಳಲ್ಲಿ ಅರವತ್ತೈದು ಬಾರದಿದ್ದರೂ ಅಡ್ಡಿಯಿಲ್ಲ, ಮೇಲಿನ ತರಗತಿಗೆ ಹೋಗು ಎಂದು ಅದು ಅಭಯ ನೀಡುತ್ತದೆ. ಯಾವ ಅರವತ್ತೈದು ಎಂಬುದನ್ನು ಹೇಳುವುದಿಲ್ಲ. ಅದರಲ್ಲಿ ಭಿನ್ನರಾಶಿ ಇದೆಯೊ, ಭಾಗಾಕಾರವೇ ಇದೆಯೊ ಯಾರಿಗೂ ತಿಳಿಯದು. ಬ್ರೇಕನ್ನು ನೂರು ಸಲಕ್ಕೆ ಮೂವತ್ತೈದು ಸಲ ಸರಿಯಾಗಿ ಒತ್ತುವವನ ಬಸ್ಸಿನಲ್ಲಿ ಓದುಗ ಮಹಾಶಯರು ಕೂರುವರೆ? 2025ರಲ್ಲಿ ಸರ್ಕಾರ ಈ ದೇವರಿಗೆ ವಯಸ್ಸಾಯಿತೆಂದು ಕಂಡುಕೊಂಡು 35ನ್ನು 33ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಮಕ್ಕಳಿಗೆ ಹೊರೆ ಇಳಿಯಿತೆಂದು ಕೆಲವರು ಸಂತೋಷಪಟ್ಟರು; ಗುಣಮಟ್ಟ ಇಳಿಯಿತೆಂದು ಕೆಲವರು ಕೂಗಿದರು. ನನಗೆ ಎರಡೂ ವ್ಯರ್ಥ ಚರ್ಚೆಯೆಂದು ತೋರಿತು. ಯಾವುದರ 35 ಎಂದು ಗೊತ್ತಿಲ್ಲದ ಮೇಲೆ 33 ಆದರೇನು, 40 ಆದರೇನು?

ಈ ಸಂಖ್ಯೆಗಳು ಮಕ್ಕಳ ಕಲಿಕೆಯಿಂದ ಎಷ್ಟು ಬಿಡುಗಡೆ ಪಡೆದಿವೆಯೆಂಬುದಕ್ಕೆ ಇತ್ತೀಚಿನ ಕೆಲವು ವರ್ಷಗಳ ಫಲಿತಾಂಶವನ್ನು ನೋಡಿದರೆ ಸಾಕು. 2021ರಲ್ಲಿ, ಸಾಂಕ್ರಾಮಿಕದ ನಡುವೆ, ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ ನಡೆಸಿ ಹೆಚ್ಚುಕಡಿಮೆ ಎಲ್ಲರನ್ನೂ ತೇರ್ಗಡೆ ಮಾಡಲಾಯಿತು. ಅದು ಆಪತ್ಕಾಲ, ಇರಲಿ. 2023ರಲ್ಲಿ ಶೇಕಡಾ 83.89 ಮಂದಿ ಪಾಸಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂತು, ಫಲಿತಾಂಶ ಕುಸಿಯಿತು. ಕುಸಿದದ್ದನ್ನು ಎತ್ತಿ ನಿಲ್ಲಿಸಲು ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರು, ಆಗಲೂ 73.40. ಮರುವರ್ಷ ಆ ಕೃಪೆ ತಪ್ಪಿದಾಗ ಮೊದಲ ಪರೀಕ್ಷೆಯಲ್ಲಿ 62.34. ನಾಡಿನ ಮಕ್ಕಳ ಬುದ್ಧಿ ಎರಡು ವರ್ಷದಲ್ಲಿ ಹೀಗೆ ಸೋರಿಹೋಯಿತೆ? ಬದಲಾದದ್ದು ಕಾವಲು, ಬದಲಾದದ್ದು ಕೃಪೆ. ಸಂಖ್ಯೆ ಅವುಗಳನ್ನು ಅಳೆಯಿತು.

ಇದಕ್ಕೆ ಬೇರೆ ದಾರಿಯೇ ಇಲ್ಲವೆ ಎಂದರೆ, ಸಂಜೆ ಹೊತ್ತು ಬಸವನಗುಡಿಯಲ್ಲೊ ಮೈಸೂರಿನ ಅಗ್ರಹಾರದಲ್ಲೊ ಸಂಗೀತದ ಮೇಷ್ಟರ ಮನೆಯ ಮುಂದೆ ಹಾದುಹೋಗಬೇಕು. ಒಳಗೆ ಮಕ್ಕಳು ಮಾಯಾಮಾಳವಗೌಳದಲ್ಲಿ ಸರಳೆ ಹಾಡುತ್ತಿರುತ್ತಾರೆ. ಸರಳೆಯಾದ ಮೇಲೆ ಜಂಟಿವರಸೆ, ಅದಾದ ಮೇಲೆ ಅಲಂಕಾರ, ಆಮೇಲೆ ಗೀತೆ, ಎಷ್ಟೋ ದಿನಕ್ಕೆ ವರ್ಣ. ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ನಂಬುವ ಈ ಕ್ರಮದಲ್ಲಿ ಪ್ರತಿಯೊಂದು ಮೆಟ್ಟಿಲೂ ಹಿಂದಿನದರ ಮೇಲೆ ನಿಂತಿದೆ. ಮೂರನೆಯ ಕಾಲದಲ್ಲಿ ತಾಳ ತಪ್ಪುವ ಹುಡುಗಿಗೆ ಮೇಷ್ಟರು ನೂರಕ್ಕೆ ನಲವತ್ತು ಕೊಟ್ಟು ವರ್ಣಕ್ಕೆ ಕಳಿಸುವುದಿಲ್ಲ. ಹಾಗೆಂದು ನೀನು ನಪಾಸು ಎಂದು ಮನೆಗೂ ಅಟ್ಟುವುದಿಲ್ಲ. “ನಾಳೆ ಮತ್ತೆ ಇದನ್ನೇ ಹಾಡಮ್ಮ” ಎನ್ನುತ್ತಾರೆ. ಪಕ್ಕದ ಹುಡುಗಿ ಎರಡು ತಿಂಗಳಲ್ಲಿ ಮುಗಿಸಿದ್ದನ್ನು ಇವಳು ಐದು ತಿಂಗಳಲ್ಲಿ ಮುಗಿಸಿದರೆ, ಮುಂದೆ ಗೀತೆ ಹಾಡುವಾಗ ಆ ಮೂರು ತಿಂಗಳ ಅಂತರ ಯಾರ ಕಿವಿಗೂ ಬೀಳುವುದಿಲ್ಲ. ಕುಂಬಾರನ ಮಗ ತಿಗರಿ ಕಲಿಯುವುದೂ, ನೇಕಾರನ ಮಗಳು ಲಾಳಿ ಕಲಿಯುವುದೂ ಹೀಗೆಯೇ. ಕೆಲಸ ಕಲಿಸುವ ಜಾಗದಲ್ಲೆಲ್ಲ ಮನುಷ್ಯ ಈ ವಿವೇಕವನ್ನು ಉಳಿಸಿಕೊಂಡಿದ್ದಾನೆ, ಕಳೆದುಕೊಂಡದ್ದು ಶಾಲೆಯಲ್ಲಿ.

ಇದನ್ನೇ ಶಾಸ್ತ್ರವಾಗಿ ಹೇಳಿದವರು ಅಮೆರಿಕದ ಇಬ್ಬರು ವಿದ್ವಾಂಸರು. ಕಲಿಯುವ ಶಕ್ತಿಯೆಂದರೆ ಬೇರೇನೂ ಅಲ್ಲ, ಒಂದನ್ನು ಕಲಿಯಲು ಒಬ್ಬನಿಗೆ ಬೇಕಾಗುವ ಕಾಲ ಎಂದು 1963ರಲ್ಲಿ ಜಾನ್ ಕ್ಯಾರಲ್ ವಾದಿಸಿದರು. ಬೆಂಜಮಿನ್ ಬ್ಲೂಮ್ ಅದರ ಜಾಡು ಹಿಡಿದು 1968ರಲ್ಲಿ ಪೂರ್ಣ ಕಲಿಕೆಯ ಸಿದ್ಧಾಂತವನ್ನು ಮುಂದಿಟ್ಟರು. ಈ ಬ್ಲೂಮ್ ನಮಗೆ ಅಪರಿಚಿತರೇನಲ್ಲ. 1957ರಲ್ಲಿ ಪರೀಕ್ಷಾ ಸುಧಾರಣೆಯ ವಿಚಾರವಾಗಿ ನಮ್ಮ ದೇಶಕ್ಕೇ ಬಂದುಹೋದವರು. ಅವರ ವಾದ ಸರಳ. ಶಾಲೆಯಲ್ಲಿ ಕಾಲ ಎಲ್ಲರಿಗೂ ಒಂದೇ, ಆದ್ದರಿಂದ ಕಲಿಕೆ ಒಬ್ಬೊಬ್ಬರದು ಒಂದೊಂದು. ಕಲಿಕೆ ಎಲ್ಲರಿಗೂ ಒಂದೇ ಆಗಬೇಕಾದರೆ ಕಾಲವನ್ನು ಸಡಿಲಬಿಡಬೇಕು. ಪಾಠವನ್ನು ಸಣ್ಣ ಘಟಕಗಳಾಗಿ ಒಡೆದು, ಒಂದೊಂದರ ಕೊನೆಗೆ ಪರೀಕ್ಷಿಸಬೇಕು. ಆ ಪರೀಕ್ಷೆ ನ್ಯಾಯಾಧೀಶರ ತೀರ್ಪಲ್ಲ, ವೈದ್ಯರ ನಾಡಿ ನೋಡುವಿಕೆ. ಬಾರದವರಿಗೆ ಇನ್ನೊಂದು ಬಗೆಯಲ್ಲಿ ಮತ್ತೆ ಹೇಳಿಕೊಡಬೇಕು. ಬಂದವರು ಆ ವೇಳೆಯಲ್ಲಿ ಅದೇ ವಿಷಯದ ಆಳಕ್ಕೆ ಇಳಿಯಬೇಕು.

ಇದು ಪರದೇಶದ ಕನಸು, ನಮ್ಮ ಹಳ್ಳಿ ಶಾಲೆಗಳಿಗೆ ಆಗಿಬರದು ಎನ್ನುವವರು ಎಚ್.ಡಿ. ಕೋಟೆಯ ಕಥೆಯನ್ನು ಕೇಳಬೇಕು. ಕಾಡಂಚಿನ ಆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೆದಿದ್ದ ಪ್ರಯೋಗವನ್ನು ಕಂಡು ಬಂದು, 1995ರಲ್ಲಿ ನಲಿ-ಕಲಿಯನ್ನು ಆರಂಭಿಸಿದರು. ಪಠ್ಯಪುಸ್ತಕದ ಬದಲು ಕಾರ್ಡುಗಳು. ಗೋಡೆಯ ಮೇಲೆ ಕಲಿಕೆಯ ಏಣಿ. ಅಕ್ಷರ ಕಲಿಸುವುದು ಅ ಆ ಇ ಈ ಎಂಬ ಕ್ರಮದಲ್ಲಲ್ಲ, ರ ಗ ಸ ದ ಅ ಎಂಬ ಕ್ರಮದಲ್ಲಿ. ಆಕಾರದಲ್ಲಿ ಸುಲಭವಾದ ಈ ಐದು ಅಕ್ಷರ ಕಲಿತ ದಿನವೇ ಮಗು ‘ಅರಸ’, ‘ಸರ’, ‘ದರ’ ಎಂದು ಓದಿಬಿಡುತ್ತದೆ! ಐವತ್ತು ಅಕ್ಷರ ಮುಗಿಯುವತನಕ ಒಂದು ಪದಕ್ಕಾಗಿ ಕಾಯಬೇಕಾಗಿಲ್ಲ. ಮಕ್ಕಳು ಐದು ತಟ್ಟೆಗಳಾಗಿ ಕೂರುತ್ತಾರೆ: ಒಂದಕ್ಕೆ ಶಿಕ್ಷಕರ ಪೂರ್ಣ ನೆರವು, ಒಂದಕ್ಕೆ ಅರೆ ನೆರವು, ಎರಡಕ್ಕೆ ಹೆಚ್ಚಾಗಿಯೊ ಕಡಿಮೆಯಾಗಿಯೊ ಜೊತೆಯ ಮಕ್ಕಳ ನೆರವು, ಕೊನೆಯದು ಸ್ವಕಲಿಕೆಯದು. ಒಂದು ಮೆಟ್ಟಿಲು ಬಂತೆಂದರೆ ಮುಂದಿನ ಮೆಟ್ಟಿಲು. ಬರಲಿಲ್ಲವೆಂದರೆ ಅಲ್ಲಿಯೇ ಇನ್ನೊಂದು ಕಾರ್ಡು. ಸುಗ್ಗಿಗೆಂದು ಹದಿನೈದು ದಿನ ಹೊಲಕ್ಕೆ ಹೋದ ಮಗು ಮರಳಿ ಬಂದಾಗ ತರಗತಿ ತನ್ನನ್ನು ಬಿಟ್ಟು ಓಡಿಹೋಗಿರುವುದಿಲ್ಲ. ತಾನು ಬಿಟ್ಟ ಮೆಟ್ಟಿಲು ತನಗಾಗಿ ಕಾದಿರುತ್ತದೆ. ಶಾಲೆ ಬಿಡುವ ಬಡವರ ಮಕ್ಕಳ ದುಃಖವನ್ನು ಇಷ್ಟು ಚೆನ್ನಾಗಿ ಅರಿತ ಇನ್ನೊಂದು ವಿಧಾನವನ್ನು ನಾನರಿಯೆ. 2009-10ರ ಹೊತ್ತಿಗೆ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿದರು.

ಆಮೇಲೆ? ಏಣಿ ಮೂರನೆಯ ತರಗತಿಗೆ ಮುಗಿಯಿತು. ನಾಲ್ಕನೆಯ ತರಗತಿಯಲ್ಲಿ ಮಗು ಏಣಿಯಿಂದಿಳಿದು ಮತ್ತೆ ಅದೇ ಬೆಂಚು, ಅದೇ ಪುಸ್ತಕ, ಅದೇ ಎಲ್ಲರಿಗೂ ಒಂದೇ ಓಟಕ್ಕೆ ಬಂದು ಸೇರಿತು. ಏಣಿಯಲ್ಲಿದ್ದಾಗಲೂ ಸುಖವೇನೂ ಇರಲಿಲ್ಲವೆನ್ನಿ. ಮೂರು ತರಗತಿಗೆ ಒಬ್ಬ ಶಿಕ್ಷಕಿ. ಆಕೆಗೇ ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ. ಕಾರ್ಡು ಹರಿದರೆ ಹೊಸದು ಬರಲು ಎಷ್ಟು ದಿನವೊ! ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಮಧ್ಯಮ ವರ್ಗ ಅದರತ್ತ ತಿರುಗಿ ನೋಡಲಿಲ್ಲ. ಅದು ಸರ್ಕಾರಿ ಶಾಲೆಯ ಸಂಗತಿ. ನಮ್ಮ ಮಕ್ಕಳು ಟೈ ಕಟ್ಟಿಕೊಂಡು ರ್‍ಯಾಂಕಿನ ಶಾಲೆಗೆ ಹೋಗುತ್ತಿದ್ದರು. ಊರಿನ ತಂದೆತಾಯಿಗಳೂ ನಮ್ಮನ್ನು ನೋಡಿ, “ಅಲ್ಲಿ ಬರೀ ಆಟ, ಓದೇ ಇಲ್ಲ” ಎಂದರು.

ಇತ್ತ ಕಾನೂನು ತನ್ನ ಕೆಲಸ ಮಾಡುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆ ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಹಿಂದಿನ ತರಗತಿಯಲ್ಲೇ ತಡೆಹಿಡಿಯಬಾರದೆಂದಿತು. ಇದು ಎಲ್ಲರಿಗೂ ಗೊತ್ತು. ಇದರ ಮೇಲೆ ನಡೆದ ಜಗಳ, 2019ರ ತಿದ್ದುಪಡಿ, 2024ರಲ್ಲಿ ನಮ್ಮ ರಾಜ್ಯದ 5, 8, 9ನೆಯ ತರಗತಿಗಳ ಬೋರ್ಡ್ ಪರೀಕ್ಷೆ ಸುಪ್ರೀಂ ಕೋರ್ಟಿನ ತನಕ ಹೋದದ್ದು ಎಲ್ಲವೂ ಗೊತ್ತು. ಆದರೆ ಅದೇ ಕಾಯಿದೆಯ 24ನೆಯ ವಿಧಿಯನ್ನು ಓದಿದವರೆಷ್ಟು ಮಂದಿ? ಶಿಕ್ಷಕರು ಪ್ರತಿ ಮಗುವಿನ ಕಲಿಕೆಯನ್ನು ಅರಿತು, ಬೇಕಾದವರಿಗೆ ಹೆಚ್ಚಿನ ಬೋಧನೆ ಕೊಡಬೇಕೆಂದು ಅಲ್ಲಿ ಹೇಳಿದೆ. ತಡೆಯಬೇಡಿ ಎಂಬ ಮೊದಲ ಅರ್ಧ ಖರ್ಚಿಲ್ಲದ್ದು, ಮರುದಿನವೇ ಜಾರಿಯಾಯಿತು. ಮತ್ತೆ ಕಲಿಸಿ ಎಂಬ ಉಳಿದರ್ಧಕ್ಕೆ ಶಿಕ್ಷಕರು ಬೇಕು, ಹಣ ಬೇಕು. ಅದು ಪುಸ್ತಕದಲ್ಲೇ ಉಳಿಯಿತು. ಹೀಗೆ ಬಾರದ ಮಗುವನ್ನು ನಾವು ತಡೆಯಲೂ ಇಲ್ಲ, ಕಲಿಸಲೂ ಇಲ್ಲ, ಮೇಲಕ್ಕೆ ದೂಡಿದೆವು. 2022ರ ‘ಅಸರ್’ ಸಮೀಕ್ಷೆಯ ವೇಳೆಗೆ, ಭಾರತದ ಹಳ್ಳಿಗಳಲ್ಲಿ ಮೂರನೆಯ ತರಗತಿಯ ಐದು ಮಕ್ಕಳಲ್ಲಿ ಸುಮಾರು ಒಬ್ಬರು ಮಾತ್ರ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರಾಗಿದ್ದರು. ಶಾಲೆ ಮುಚ್ಚಿದ್ದ ಕಾಲದ ಪಾಲು ಇದರಲ್ಲಿದೆ, ನಿಜ. ಆದರೆ 2018ರಲ್ಲೂ ಆ ಪ್ರಮಾಣ ಶೇಕಡಾ 27ರ ಆಸುಪಾಸಿನಲ್ಲೇ ಇತ್ತು.

ಇಲಾಖೆಯವರು ಸುಮ್ಮನೆ ಕುಳಿತಿರಲಿಲ್ಲ. 1991ರಲ್ಲಿ ದವೆ ಸಮಿತಿ ಕನಿಷ್ಠ ಕಲಿಕಾ ಮಟ್ಟಗಳ ಪಟ್ಟಿ ಕೊಟ್ಟಿತು. 2017ರಲ್ಲಿ ತರಗತಿವಾರು ಕಲಿಕಾ ಫಲಗಳ ಪಟ್ಟಿ ಬಂತು. ಪಟ್ಟಿಗಳು ಕೆಟ್ಟವಲ್ಲ, ಓದಿದರೆ ಹಲವು ಕಡೆ ತಲೆದೂಗಬೇಕೆನಿಸುತ್ತದೆ. ಪಟ್ಟಿಯ ಜೊತೆಗೆ ನಮೂನೆ ಬಂತು, ನಮೂನೆಯ ಜೊತೆಗೆ ಅದನ್ನು ತುಂಬಬೇಕಾದ ಕೊನೆಯ ದಿನಾಂಕ ಬಂತು. ಅಲ್ಲಿಗೆ ಕಥೆ ಮುಗಿಯಿತು. ಮೂವತ್ತೊಂದನೆಯ ತಾರೀಖಿನೊಳಗೆ ಎಲ್ಲ ಮಕ್ಕಳ ಎದುರಿಗೂ ‘ಸಾಧಿಸಿದೆ’ ಎಂದು ಗುರುತು ಹಾಕಿ ಕಳಿಸಬೇಕೆಂದು ಸುತ್ತೋಲೆ ಬಂದರೆ, ಶಿಕ್ಷಕ ಏನು ಮಾಡಿಯಾನು? ‘ಸಾಧಿಸಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದವನಿಗೆ ಏಕೆ ಸಾಧಿಸಿಲ್ಲವೆಂದು ವಿವರಣೆ ಕೇಳುತ್ತಾರೆ. ಸುಳ್ಳು ಬರೆದವನಿಗೆ ಏನನ್ನೂ ಕೇಳುವುದಿಲ್ಲ. ಆತ ಹೆಂಡತಿ ಮಕ್ಕಳುಳ್ಳ ಗೃಹಸ್ಥ.

ಈ ರೋಗ ಕಾಲೇಜಿಗೂ ಹತ್ತಿದೆ. 1994ರಲ್ಲಿ ಬೆಂಗಳೂರಿನಲ್ಲೇ ನೆಲೆಗೊಂಡ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ಹೆಸರು ಕೇಳಿದರೆ ಅಧ್ಯಾಪಕರ ರಾತ್ರಿಯ ನಿದ್ದೆ ಹಾರುತ್ತದೆ. ಆ ಸಂದರ್ಭದಲ್ಲಿ ಕಾಲೇಜೊಂದರಲ್ಲಿ ನಾನು ಭರ್ತಿ ಮಾಡಿದ ಕೋಷ್ಟಕವೊಂದನ್ನು ಬಣ್ಣಿಸುತ್ತೇನೆ. ಎಡಗಡೆ, ಪಂಪನ ಕಾವ್ಯಭಾಗವನ್ನು ಓದುವುದರಿಂದ ಒದಗುವ ಐದು ಫಲಗಳು. ಮೇಲುಗಡೆ, ಪದವಿಯಿಂದ ಒದಗುವ ಹತ್ತೋ ಹನ್ನೆರಡೋ ಮಹಾಫಲಗಳು. ಇವಕ್ಕೂ ಅವಕ್ಕೂ ಇರುವ ನಂಟನ್ನು ಒಂದು, ಎರಡು, ಮೂರು ಎಂಬ ಅಂಕೆಗಳಲ್ಲಿ ಸೂಚಿಸಬೇಕು. ಕರ್ಣನ ಸಾವನ್ನು ಓದಿ ಕಣ್ಣು ತೇವಗೊಂಡರೆ ಅದು ‘ಸಾಮಾಜಿಕ ಹೊಣೆಗಾರಿಕೆ’ಗೆ ಎರಡೊ, ಮೂರೊ? ಸಹೋದ್ಯೋಗಿಯೊಬ್ಬರು ಗಂಭೀರವಾಗಿ “ಮೂರು ಹಾಕಿ ಸಾರ್, ಸರಾಸರಿ ಎತ್ತುತ್ತದೆ” ಎಂದರು. ಹಾಕಿದೆವು. ಪಂಪನಿಗೆ ತಿಳಿಯದಿರಲಿ.

ಇಲ್ಲಿ ನನ್ನ ಸಾಹಿತ್ಯಮಿತ್ರರು ಚಪ್ಪಾಳೆ ತಟ್ಟುವರೆಂದು ಬಲ್ಲೆ. “ನಾವು ಹೇಳಿದ್ದೂ ಅದೇ, ವಿದ್ಯೆಯನ್ನು ಪಟ್ಟಿ ಮಾಡಲಾಗದು, ರಸವನ್ನು ತಕ್ಕಡಿಯಲ್ಲಿ ತೂಗಲಾಗದು” ಎನ್ನುತ್ತಾರೆ. ಅವರ ಚಪ್ಪಾಳೆಯನ್ನು ನಾನು ಅರ್ಧ ಮಾತ್ರ ಸ್ವೀಕರಿಸಬಲ್ಲೆ. ಕಾವ್ಯದ ಸವಿಗೆ ಮೆಟ್ಟಿಲು ಕಟ್ಟಲಾಗದು, ನಿಜ. ಆದರೆ ಸಾಹಿತ್ಯ ಬೇರೆ, ಭಾಷೆ ಬೇರೆ. ಗುರುತಿಲ್ಲದ ಒಂದು ಪುಟವನ್ನು ಓದಿ ಅದರಲ್ಲಿ ಹೇಳಿದ್ದೇನೆಂದು ತಿಳಿಯುವುದು, ನೋಡಿದ್ದನ್ನು ನೋಡಿದಂತೆ ಬರೆಯುವುದು, ಕೇಳಿದ ಮಾತನ್ನು ಸಂಗ್ರಹವಾಗಿ ಹೇಳುವುದು, ಅಲ್ಪಪ್ರಾಣ ಮಹಾಪ್ರಾಣಗಳನ್ನು ಬೆರಸದೆ ಬರೆಯುವುದು, ನಿಘಂಟನ್ನು ತೆರೆದು ಪದ ಹುಡುಕುವುದು, ಇವು ರಸವಲ್ಲ, ಕಸುಬು. ಇವನ್ನು ಪಟ್ಟಿ ಮಾಡಬಹುದು, ಪರೀಕ್ಷಿಸಬಹುದು, ಬಾರದಿದ್ದರೆ ಮತ್ತೆ ಕಲಿಸಬಹುದು. ‘ಹಾರ್ದಿಕ’ವನ್ನು ‘ಆರ್ಧಿಕ’ವೆಂದು ಬರೆಯುವ ವಿದ್ಯಾರ್ಥಿಯ ಎದುರಿಗೆ ಕುಳಿತು ರಸಸಿದ್ಧಾಂತವನ್ನು ಉಪನ್ಯಾಸ ಮಾಡುವುದು ಸುಲಭ, ಆ ‘ಹಾ’ಕಾರವನ್ನು ತಿದ್ದುವುದು ಬೇಸರದ ಕೆಲಸ. ಬೇಸರದ ಕೆಲಸದಿಂದ ತಪ್ಪಿಸಿಕೊಳ್ಳಲು ರಸದ ಹೆಸರು ಹೇಳುವುದು ನಮ್ಮ ವೃತ್ತಿಯಲ್ಲಿ ತೀರ ಅಪರೂಪವೇನಲ್ಲ.

ತಂದೆತಾಯಿಗಳ ಆಕ್ಷೇಪ ಬೇರೆ. “ಎಲ್ಲರಿಗೂ ‘ಬರುತ್ತದೆ’ ಎಂದೇ ಬರೆದುಕೊಟ್ಟರೆ ಸೀಟು ಹಂಚುವುದು ಹೇಗೆ ಸ್ವಾಮಿ?” ಈ ಪ್ರಶ್ನೆಯಲ್ಲಿ ಒಂದು ಸತ್ಯ ಅಡಗಿದೆ: ನಮ್ಮ ಅಂಕಗಳು ಕಲಿತದ್ದನ್ನು ಹೇಳಲೆಂದು ಹುಟ್ಟಿದವಲ್ಲ, ಸಾಲು ನಿಲ್ಲಿಸಲೆಂದು ಬೆಳೆದವು. ಆದರೆ ಯೋಚಿಸಿ. ವೈದ್ಯಕೀಯಕ್ಕೆ ನೀಟ್, ಎಂಜಿನಿಯರಿಂಗಿಗೆ ಸಿ.ಇ.ಟಿ., ಬ್ಯಾಂಕಿಗೆ ಅದರದೇ ಪರೀಕ್ಷೆ. ಸಾಲು ನಿಲ್ಲಿಸುವವರು ತಮ್ಮ ತಮ್ಮ ಹಗ್ಗ ತಾವೇ ತಂದುಕೊಂಡಿದ್ದಾರೆ. ಹತ್ತನೆಯ ತರಗತಿಯ ಅಂಕಪಟ್ಟಿ ಇನ್ನಾದರೂ ತನ್ನ ಸ್ವಂತ ಕೆಲಸ ಮಾಡಲಿ.

ಈ ಅನ್ಯಾಯದ ಭಾರ ಬೀಳುವುದು ಯಾರ ಮೇಲೆ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಹೊಟ್ಟೆ ತುಂಬಿದವರ ಮನೆಯಲ್ಲಿ ಮಗುವಿಗೆ ಭಿನ್ನರಾಶಿ ಬಾರದಿದ್ದರೆ ಟ್ಯೂಷನ್ನಿನ ಮೇಷ್ಟರಿಗೆ ಮೂರೇ ದಿನದಲ್ಲಿ ತಿಳಿಯುತ್ತದೆ. ಗಾರೆ ಕೆಲಸದವನ ಮಗಳಿಗೆ ಬಾರದಿದ್ದರೆ ಅದನ್ನು ತಿಳಿಸಬೇಕಾದದ್ದು ಶಾಲೆಯ ಆ ಒಂದು ಕಾಗದ. ಅದು ‘52’ ಎನ್ನುತ್ತದೆ. ತಂದೆ ಅರ್ಧಕ್ಕಿಂತ ಹೆಚ್ಚು ಬಂತೆಂದು ಖುಷಿಪಡುತ್ತಾನೆ. ಎರಡು ವರ್ಷದ ಮೇಲೆ, ಪಿ.ಯು.ಸಿ. ವಿಜ್ಞಾನದಲ್ಲಿ ಅವಳು ಮುಗ್ಗರಿಸಿದಾಗ, ಬಡವರ ಮಕ್ಕಳಿಗೆ ಗಣಿತ ಹತ್ತುವುದಿಲ್ಲವೆಂದು ನಾವು ತೀರ್ಪು ಕೊಡುತ್ತೇವೆ.

ನಾನು ಕೇಳುವುದು ಬೆಟ್ಟವನ್ನಲ್ಲ. ಮೊದಲು ನನ್ನ ವಿಷಯವಾದ ಕನ್ನಡದಿಂದಲೇ ಆರಂಭಿಸೋಣ. ಅಂಕಪಟ್ಟಿಯಲ್ಲಿ 125ರ ಆ ಸಂಖ್ಯೆ ಬೇಕಾದರೆ ಇರಲಿ. ಅದರ ಕೆಳಗೆ ಆರು ಸಾಲು ಸೇರಿಸಿ. ಅಪರಿಚಿತ ಗದ್ಯವನ್ನು ಓದಿ ತಿಳಿಯಲು ಬರುತ್ತದೆ, ಬರುವುದಿಲ್ಲ. ಪತ್ರ, ಅರ್ಜಿ ಬರೆಯಲು ಬರುತ್ತದೆ, ಬರುವುದಿಲ್ಲ. ತಪ್ಪಿಲ್ಲದೆ ವಾಕ್ಯ ಕಟ್ಟಲು, ಕೇಳಿದ್ದನ್ನು ಸಂಗ್ರಹಿಸಲು, ಸ್ವಂತ ಅಭಿಪ್ರಾಯವನ್ನು ಕಾರಣಸಹಿತ ಹೇಳಲು, ಹಳೆಯ ಪದ್ಯವೊಂದರ ಅನ್ವಯ ಮಾಡಲು. ‘ಬರುತ್ತದೆ’ ಎನ್ನಿಸಿಕೊಳ್ಳಲು ಮೂವತ್ತೈದು ಸಾಲದು. ಹತ್ತರಲ್ಲಿ ಎಂಟು ಸಲವಾದರೂ ಬರಬೇಕು. ಬಾರದ ಸಾಲಿಗೆ ಮಾತ್ರ ಮರುಪರೀಕ್ಷೆ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆಸುವ ಏರ್ಪಾಡು ಹೇಗೂ ಬಂದಿತ್ತು. ಇಡೀ ವಿಷಯವನ್ನು ಮತ್ತೆ ಬರೆಸಿ, ಇನ್ನೊಂದು ಮೊತ್ತವನ್ನು ಕೈಗಿಡುವ ಬದಲು, ಆ ಹುಡುಗನನ್ನು ಒಂದು ತಿಂಗಳು ಕೂರಿಸಿಕೊಂಡು ಅರ್ಜಿ ಬರೆಯುವುದನ್ನು ಕಲಿಸಿ, ಅದನ್ನೇ ಪರೀಕ್ಷಿಸಿ. ಕಲಿಸುವವರಿಗೆ ಆ ತಿಂಗಳ ಸಂಬಳವನ್ನು ಸರಿಯಾಗಿ ಕೊಡಿ. ಅತಿಥಿ ಶಿಕ್ಷಕರೆಂದು ಕರೆದು ಹಸಿದ ಹೊಟ್ಟೆಯಲ್ಲಿ ಕಳಿಸಬೇಡಿ. ‘ಬರುವುದಿಲ್ಲ’ ಎಂದು ನಿಜ ಬರೆದ ಶಾಲೆಗೆ ನೋಟೀಸು ಹೋಗುವ ಬದಲು ಇನ್ನೊಬ್ಬ ಶಿಕ್ಷಕ ಹೋಗಲಿ.

ಆರು ಸಾಲು ಮುದ್ರಿಸಲು ಅಂಕಪಟ್ಟಿಯಲ್ಲಿ ಜಾಗವಿಲ್ಲವೆಂದು ಯಾರಾದರೂ ಹೇಳಬಹುದು. ರ್‍ಯಾಂಕ್ ಬಂದ ಮಕ್ಕಳ ಚಿತ್ರವನ್ನು ಅರ್ಧ ಪುಟದುದ್ದ ಜಾಹೀರಾತಾಗಿ ಮುದ್ರಿಸುವ ಟ್ಯುಟೋರಿಯಲ್ಲುಗಳಿಗೆ ಪ್ರತಿವರ್ಷ ಈ ಪತ್ರಿಕೆಗಳಲ್ಲೇ ಜಾಗ ಸಿಗುತ್ತಿದೆ.